ಅಮಾಸಿ ಟೀಮು

ಕಾಲೇಜಿನಲ್ಲಿ ಫಿಜಿಕಲ್ ಡೈರೆಕ್ಟರ್ ಆಗಬೇಕೆಂದಿರುವ ಹುಡುಗ ಹುಡುಗಿಯರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಓದಿದ ಮೇಲೂ ಸೇರುತ್ತೇವೆ ಎನ್ನುವವರನ್ನು ದೇವರು ಕಾಪಾಡಲಿ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಎಲ್ಲಿ ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿ ಇಲ್ಲ. ಶಾಲುಗಳು ಮನೆಯಲ್ಲಿವೆ. ನನ್ನ ಹೆಂಡತಿ ಅವನ್ನು ಇಸ್ತ್ರಿ ಮಾಡುವಾಗ ಕೆಳಗೆ ಹಾಸಿಕೊಳ್ಳುತ್ತಾಳೆ.

ಬರೆಯಲು ಕಾರಣ ಸವಿತಾ. ಬನಹಟ್ಟಿಯ ನೇಕಾರರ ಮನೆಯ ಹುಡುಗಿ. ಜಮಖಂಡಿಯ ನಮ್ಮ ಕಾಲೇಜಿನಲ್ಲಿ ನಾನು ಕೊನೆಕೊನೆಗೆ ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟಿದಾಗ ಅದರಲ್ಲಿ ಆಡಿದವಳು. ಈಗ ಮುಧೋಳದ ಒಂದು ಖಾಸಗಿ ಶಾಲೆಯಲ್ಲಿ ಆಟದ ಟೀಚರು. ಆಟದ ಟೀಚರು ಎಂದರೆ ಬೆಳಿಗ್ಗೆ ಮಕ್ಕಳನ್ನು ಪ್ರಾರ್ಥನೆಗೆ ಸಾಲು ನಿಲ್ಲಿಸುವುದು, ಸಂಜೆ ಬಸ್ಸು ಹತ್ತಿಸುವುದು. ಆದರೆ ತಿಂಗಳು ತುಂಬಿದರೆ ಪಗಾರ ತಪ್ಪುವುದಿಲ್ಲ. ನಾನು ನಿವೃತ್ತನಾದ ಮೇಲೆ ನನ್ನ ಹುದ್ದೆಗೆ ಯಾರನ್ನೂ ತೆಗೆದುಕೊಂಡಿರಲಿಲ್ಲ. ಅತಿಥಿ ಉಪನ್ಯಾಸಕರ ಲೆಕ್ಕದಲ್ಲಿ ಒಬ್ಬರನ್ನು ಹಾಕಿಕೊಳ್ಳುತ್ತೇವೆಂದು ಈಗಿನ ಪ್ರಾಂಶುಪಾಲರು ಅವಳನ್ನು ಕರೆದಿದ್ದರು. ವರ್ಷದ ಕೊನೆಗೆ ಬಿಡಿಸುವುದು, ಬೇಕೆನಿಸಿದರೆ ಮತ್ತೆ ಕರೆಯುವುದು, ಅಂಥ ಕೆಲಸ. ಸೋಮವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕಿತ್ತು.

ಮನೆಗೆ ಬಂದವಳು ಚಹಾ ಮುಟ್ಟದೆ ಕೇಳಿದಳು: "ಸರ, ಖರೆ ಹೇಳ್ರಿ. ಈ ನೌಕರಿ ಹಿಡೀಲೋ ಬ್ಯಾಡೋ? ನಾ ಬರಲಿಲ್ಲಂದ್ರ ಫುಟ್‌ಬಾಲ್ ಬಂದ್ ಮಾಡ್ತೀವಿ ಅಂದಾರ್ರಿ."

"ಅಮಾಸಿ ದಿನ ಕಾಲೇಜ ಮೈದಾನಕ್ಕ ಬಾ, ಅಲ್ಲೇ ಹೇಳ್ತೇನಿ" ಎಂದೆ. ನಡುವೆ ಸಿಕ್ಕ ದಿನಗಳಲ್ಲಿ ನನ್ನ ನೌಕರಿಯನ್ನೆಲ್ಲ ಮೊದಲಿನಿಂದ ನೆನೆಸಿಕೊಂಡೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ನೆಲ ಖರೆಯೇ ಡೊಂಕಾಗಿತ್ತು. ಎರೆ ಮಣ್ಣು. ಮಳೆ ಬಿದ್ದಾಗ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿದು ಕಾಲು ಮಾತ್ರ ಮೇಲೆ ಬರುತ್ತಿತ್ತು. ಬಿಸಿಲು ಬಿದ್ದಾಗ ಪಾದ ಹೂತುಹೋಗುವಷ್ಟು ಬಿರುಕು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಇಳಿಸಿ ಬರುವ ಟ್ರೇಲರಿನವರಿಗೆ ಕೈಮುಗಿದು ಬಾಯ್ಲರ್ ಬೂದಿ ತರಿಸಿ ಬಿರುಕಿಗೆ ತುಂಬುತ್ತಿದ್ದೆವು. ಆಟ ಮುಗಿಸಿ ಹೊರಗೆ ಬಂದರೆ ಹುಡುಗರು ಬೈರಾಗಿಗಳ ಹಾಗೆ ಕಾಣುತ್ತಿದ್ದರು.

ನಾನು ಕಬಡ್ಡಿಯ ಮನುಷ್ಯ. ಫುಟ್‌ಬಾಲಿಗೆ ಹಚ್ಚಿದವರು ನಾನು ಸೇರಿದಾಗಿದ್ದ ಪ್ರಾಂಶುಪಾಲ ದೇಶಪಾಂಡೆ ಸರ್. ಮನೆಯಲ್ಲಿ ಮರಾಠಿ, ಕಾಲೇಜಿನಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ ಕಲೆಸಿ ಮಾತಾಡುವವರು. "ಪಾಟೀಲ್ರ, ಕಬಡ್ಡಿ ಎಲ್ಲಾ ಕಾಲೇಜಿನ್ಯಾಗೂ ಅದ. ಯಾರೂ ಆಡದ್ದನ್ನ ಆಡಸ್ರಿ. ಗೆಲ್ಲೂದು ಸರಳ ಆಗ್ತದ" ಎಂದರು. ಮೊದಲ ಪಂದ್ಯ ಡ್ರಾ ಮಾಡಿಕೊಂಡು ಬಂದು ವರದಿ ಹೇಳಿದೆ. "ಡ್ರಾ ಅಂದ್ರ? ಕಪ್ಪು ಅರ್ಧಾ ಕೊಯ್ದು ಕೊಡ್ತಾರೇನು?" ಎಂದು ಕೇಳಿದರು. ಆದರೆ ಆ ಮನುಷ್ಯ ಆಟ ನೋಡಲು ಬಿಸಿಲಲ್ಲಿ ಕೊಡೆ ಹಿಡಿದು ನಿಲ್ಲುತ್ತಿದ್ದರು. ಅವರ ನಂತರ ಬಂದ ಯಾವ ಪ್ರಾಂಶುಪಾಲರೂ ಮೈದಾನದ ಮಣ್ಣು ತುಳಿಯಲಿಲ್ಲ.

ಆಟಗಾರರು ಸಿಗುವುದೇ ಕಷ್ಟವಾಗಿತ್ತು. ಹಿಪ್ಪರಗಿಯ ಕಬ್ಬಿನವರ ಮಕ್ಕಳು ತರಗತಿ ಮುಗಿದ ಕೂಡಲೇ ಹೊಲಕ್ಕೆ ಓಡುತ್ತಿದ್ದರು. ರಬಕವಿ, ಬನಹಟ್ಟಿಯ ಹುಡುಗರು ಮಗ್ಗಕ್ಕೆ ಇಳಿಯುತ್ತಿದ್ದರು. ಬನಹಟ್ಟಿಯ ಮಲ್ಲು ಎಂಬ ಹುಡುಗ ಎಡಗಾಲಲ್ಲೂ ಬಲಗಾಲಲ್ಲೂ ಒಂದೇ ಸಮ ಒದೆಯುವುದನ್ನು ನೋಡಿ, ಅವನನ್ನು ಕೇಳಲು ಅವನ ಮನೆಗೆ ಹೋದೆ. ಅವನ ಅಪ್ಪ ಗುರಪ್ಪ ಕುಣಿಮಗ್ಗದ ಕುಣಿಯಲ್ಲಿ, ಅಂದರೆ ನೆಲದಲ್ಲಿ ತೋಡಿದ ಗುಂಡಿಯಲ್ಲಿ, ಕಾಲು ಇಳಿಬಿಟ್ಟು ಕೂತಿದ್ದ. ಒಮ್ಮೆ ಎಡಗಾಲು, ಒಮ್ಮೆ ಬಲಗಾಲು, ಕೆಳಗಿನ ಹಲಗೆಗಳನ್ನು ತುಳಿಯುತ್ತಲೇ ಇದ್ದ. ಮಲ್ಲುವಿನ ಎರಡು ಕಾಲಿನ ಆಟ ಎಲ್ಲಿಂದ ಬಂತೆಂದು ಆಗ ತಿಳಿಯಿತು. ಸಣ್ಣವನಿದ್ದಾಗಿಂದ ಅವನೂ ಆ ಕುಣಿಯಲ್ಲಿ ಕೂತು ತುಳಿದವನೇ.

ಗುರಪ್ಪ ತುಳಿಯುವುದನ್ನು ನಿಲ್ಲಿಸದೆ ಹೇಳಿದ: "ಸರ, ಅಮಾಸಿಗೊಮ್ಮಿ ನಮ್ಮ ಮಗ್ಗ ನಿಂದಿರತಾವ್ರಿ. ಆ ದಿನ ಇಂವ ನಿಮ್ಮಾಂವ. ಉಳಿದ ದಿನ ನಮ್ಮಾಂವ."

ಹಿಪ್ಪರಗಿಯಲ್ಲಿ ಕೇಳಿದಾಗಲೂ ಅದೇ ಮಾತು. ಅಮಾವಾಸ್ಯೆ ದಿನ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ, ಅವತ್ತು ಹುಡುಗ ಬರುತ್ತಾನೆ. ಹೀಗೆ ನಮ್ಮ ಪೂರ್ತಿ ತಂಡ ಕೂಡುತ್ತಿದ್ದುದು ತಿಂಗಳಿಗೊಮ್ಮೆ, ಅಮಾವಾಸ್ಯೆಗೆ ಮಾತ್ರ. ದೇಶಪಾಂಡೆ ಸರ್ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಅಹೋ ಪಾಟೀಲ್ರ, ಅಮಾಸಿ ದಿನ ಯಾರೂ ಹೊಸಾ ಚಪ್ಪಲ್ ಸೈತ ಹಾಕೋಳಂಗಿಲ್ಲ, ನೀವು ಟೀಮ್ ಕಟ್ಟಲಿಕ್ಕೆ ಹೊಂಟೀರಿ!" ಉಳಿದ ಕಾಲೇಜುಗಳವರು ನಮಗೆ 'ಅಮಾಸಿ ಟೀಮ್' ಎಂದು ಹೆಸರಿಟ್ಟರು.

ಉಳಿದ ದಿನ ನಾನೇ ಅವರಿದ್ದಲ್ಲಿಗೆ ಹೋಗುತ್ತಿದ್ದೆ. ಹಗ್ಗದ ಬಲೆಚೀಲದಲ್ಲಿ, ನಮ್ಮ ಕಡೆಯ ಜಾಳಿಗೆಯಲ್ಲಿ, ಚೆಂಡು ತುಂಬಿಕೊಂಡು ಒಂದು ದಿನ ಬನಹಟ್ಟಿಯ ಬಸ್ಸು, ಒಂದು ದಿನ ಹಿಪ್ಪರಗಿ, ಒಂದು ದಿನ ಬೀಳಗಿ ಕಡೆಯ ಅನಗವಾಡಿ. ಅಲ್ಲಿ ಹೊಳೆ ದಂಡೆಯ ಹುಡುಗನೊಬ್ಬ ಓಡಲು ನಿಂತರೆ ಮುಧೋಳದ ಬೇಟೆನಾಯಿಯೂ ಹಿಂದೆ ಬೀಳಬೇಕು, ಹಾಗಿದ್ದ. ಕಂಡಕ್ಟರ್ ಪ್ರತಿ ಸಲ ನನ್ನ ಜಾಳಿಗೆ ನೋಡಿ, "ಸರ, ಇವಕ್ಕ ಕೋಳಿ ಟಿಕೇಟ್ ಹರೀಲ್ಯಾ?" ಎನ್ನುತ್ತಿದ್ದ.

ಒಬ್ಬರನ್ನೊಬ್ಬರು ನೋಡದೆ ಒಂದೇ ತಂಡವಾಗಿ ಆಡುವುದು ಹೇಗೆ? ಅದಕ್ಕಾಗಿ ಒಂದು ಪದ್ಧತಿ ಹಾಕಿಕೊಂಡೆ. ಬೇರೆ ತರಬೇತುದಾರರು ಜೊತೆಗಾರನನ್ನು ನೋಡಿ ಚೆಂಡು ಕೊಡು ಎಂದು ಕಲಿಸುತ್ತಿದ್ದರು. ನಮ್ಮ ಹುಡುಗನಿಗೆ ನೋಡಲು ಎದುರಿಗೆ ಜೊತೆಗಾರ ಇರುತ್ತಲೇ ಇರಲಿಲ್ಲ. ಹಾಗಾಗಿ ನಾನು ಊರೂರಿಗೆ ಹೋಗಿ ನೆಲದ ಮೇಲೆ ಬೂದಿಯ ಗುರುತು ಹಾಕಿ, "ಆಳಿಗೆ ಒದೀಬ್ಯಾಡ್ರಲೇ, ಜಾಗಾಕ್ಕ ಒದೀರಿ. ಆಳು ಬರ್ತಾನ" ಎಂದು ಕಲಿಸಿದೆ. ಬನಹಟ್ಟಿಯಲ್ಲಿ ಮಲ್ಲು ಖಾಲಿ ಜಾಗಕ್ಕೆ ಒದೆಯುವುದನ್ನು ಕಲಿತ. ಅನಗವಾಡಿಯ ಹುಡುಗ ಚೆಂಡಿಲ್ಲದೆ ಆ ಜಾಗಕ್ಕೆ ಓಡುವುದನ್ನು ಕಲಿತ. ಅಮಾವಾಸ್ಯೆ ದಿನ ಇಬ್ಬರೂ ಮೈದಾನದಲ್ಲಿ ಕೂಡಿದಾಗ ಚೆಂಡಿಗೂ ಕಾಲಿಗೂ ಗಂಟು ಬೀಳುತ್ತಿತ್ತು.

ಮೊದಲ ಸಲ ವಿಶ್ವವಿದ್ಯಾಲಯದ ಫೈನಲ್ಲಿಗೆ ಹೋದಾಗ ಮಲ್ಲು ಹೀಗೇ ಮೂಲೆಗೆ ಒದ್ದ. ಅಲ್ಲಿ ನರಪಿಳ್ಳೆ ಇರಲಿಲ್ಲ. "ಯಾರಿಗಿ ಒದ್ದಲೇ, ನಿಮ್ಮ ಮುತ್ತ್ಯಾಗೇನು?" ಎಂದು ಯಾರೋ ಕೂಗಿದರು, ಜನ ನಕ್ಕರು. ನಗು ಮುಗಿಯುವುದರೊಳಗೆ ಅನಗವಾಡಿಯವನು ಅಲ್ಲಿ ಬಂದು ಮುಟ್ಟಿದ್ದ. ಅವತ್ತು ಕಪ್ಪು ನಮ್ಮದಾಯಿತು. ಅದರ ನಂತರ ಎಷ್ಟೋ ವರ್ಷ ನಮ್ಮದೇ. ಪ್ರಾಂಶುಪಾಲರ ಕೋಣೆಯ ಕಪಾಟು ತುಂಬಿ ಕಪ್ಪುಗಳನ್ನು ಗ್ರಂಥಾಲಯದಲ್ಲಿ ಇಡಬೇಕಾಯಿತು.

ಎಡವಟ್ಟುಗಳೂ ಕಡಿಮೆ ಇಲ್ಲ. ಒಂದು ವರ್ಷ ಸೆಮಿಫೈನಲ್ ನಮ್ಮ ಮೈದಾನದಲ್ಲೇ ಇತ್ತು. ಮಳೆ ಬೇಗ ಹಿಂದೆ ಸರಿದು ನೆಲ ಬಾಯಿ ಬಿಟ್ಟಿತ್ತು, ಆ ವರ್ಷ ಬೂದಿಯೂ ಸಿಕ್ಕಿರಲಿಲ್ಲ. ಹಿಪ್ಪರಗಿಯ ಶಂಕರ, ನಮ್ಮ ಗೋಲ್‌ಕೀಪರ್, ನನಗೆ ಹೇಳದೆ ಕೇಳದೆ ಹಿಂದಿನ ದಿನ ಪಕ್ಕದ ಹೊಲದ ಪೈಪು ತಂದು ಮೈದಾನಕ್ಕೆ ತಿರುವಿಬಿಟ್ಟ. ಬೆಳಿಗ್ಗೆ ಬಂದು ನೋಡುತ್ತೇನೆ, ಮೈದಾನವೆಲ್ಲ ರಾಡಿ. ಮೊಳೆ ಬೂಟು ಹಾಕಿಕೊಂಡು ಬಂದ ಶಹರದ ಕಾಲೇಜಿನ ಹುಡುಗರು ಒಂದೊಂದು ಕಾಲಿಗೆ ಒಂದೊಂದು ಬುಟ್ಟಿ ಮಣ್ಣು ಕಟ್ಟಿಕೊಂಡು ನಿಂತಲ್ಲೇ ನಿಂತರು. ನಮ್ಮವರು ಬೂಟು ಬಿಚ್ಚಿ ಎಸೆದು ಬರಿಗಾಲಲ್ಲಿ ಆಡಿ ಗೆದ್ದರು. ಬೇಕೆಂದೇ ಹೀಗೆ ಮಾಡಿದ್ದೇವೆಂದು ದೂರು ಹೋಗಿ ವಿಶ್ವವಿದ್ಯಾಲಯದವರು ವಿಚಾರಣೆಗೆ ಬಂದರು. ಶಂಕರ ಕೈಕಟ್ಟಿ ನಿಂತು ಅವರಿಗೆ ಹೇಳಿದ್ದು ಇಷ್ಟೇ: "ನೆಲಾ ನೀರಡಿಸಿತ್ರಿ ಸರ. ಕಬ್ಬಿಗಿ ಹಾಯಿಸಿದಂಗ ಒಂದ ನೀರ ಹಾಯಿಸೇನ್ರಿ. ಇಷ್ಟ ಕುಡೀತತಿ ಅಂತ ಗೊತ್ತಿರಲಿಲ್ರಿ." ಬಂದವರಿಗೂ ನಗು ತಡೆಯಲಾಗಲಿಲ್ಲ. ನನಗೆ ಮಾತ್ರ ಮೆಮೊ ಸಿಕ್ಕಿತು.

ಇಲ್ಲಿಯವರೆಗೆ ಓದಿ ನೌಕರಿ ಛಲೋ ಇದೆ ಎನಿಸಿದರೆ ಅದು ನಾನು ಹೇಳುವ ರೀತಿಯ ತಪ್ಪು. ಮುಂದಿನದನ್ನೂ ಓದಿರಿ.

ಮಲ್ಲುವನ್ನು ವಿಶ್ವವಿದ್ಯಾಲಯದ ತಂಡಕ್ಕೆ ಆರಿಸಿದರು. ಅಲ್ಲಿಂದ ಒಂದು ಸರಕಾರಿ ಇಲಾಖೆಯ ತಂಡದವರು ಆಯ್ಕೆಗೆ ಕರೆದರು. ನಾನೂ ಜೊತೆಗೆ ಹೋಗಿದ್ದೆ. ಹಸಿರು ಹುಲ್ಲಿನ ಮೈದಾನ. ಹುಡುಗ ಆಡಿದ್ದನ್ನು ನೋಡಿ ಅವರೇ ಬಂದು ನನ್ನ ಕೈ ಕುಲುಕಿದರು, ಕರೆ ಬರುತ್ತದೆ ಎಂದರು. ಬರಲಿಲ್ಲ. ಗುರಪ್ಪ ದಾರಿಯಲ್ಲಿ ಸಿಕ್ಕಾಗಲೆಲ್ಲ "ಏನರೆ ಸುದ್ದಿ ಬಂತೇನ್ರಿ ಸರ?" ಎಂದು ಕೇಳುತ್ತಿದ್ದ. ಕೊನೆಗೆ ಕೇಳುವುದನ್ನೇ ಬಿಟ್ಟ, ಬರೀ ನಮಸ್ಕಾರ ಮಾಡುತ್ತಿದ್ದ. ಅದು ಇನ್ನೂ ಕಷ್ಟವಾಗುತ್ತಿತ್ತು.

ಅಷ್ಟರಲ್ಲಿ ಬನಹಟ್ಟಿಯಲ್ಲಿ ಕುಣಿಗಳು ಮುಚ್ಚಿ ಅವುಗಳ ಮೇಲೆ ವಿದ್ಯುತ್ ಮಗ್ಗ ಬಂದವು. ವಿದ್ಯುತ್ ಮಗ್ಗಕ್ಕೆ ಕಾಲು ಬೇಡ. ಅದಕ್ಕೆ ಅಮಾವಾಸ್ಯೆಯೂ ಇಲ್ಲ. ಕರೆಂಟು ಇದ್ದಷ್ಟು ಹೊತ್ತು ನಡೆಸಬೇಕು, ಯಾವಾಗ ಹೋಗುತ್ತದೋ ಗೊತ್ತಿಲ್ಲ. ಹಿಪ್ಪರಗಿಯಲ್ಲೂ ಎತ್ತು ಹೋಗಿ ಟ್ರ್ಯಾಕ್ಟರ್ ಬಂತು. ಟ್ರ್ಯಾಕ್ಟರಿಗೆ ಯಾವ ಅಮಾಸಿ? ಒಂದು ಅಮಾವಾಸ್ಯೆಗೆ ಎಂಟು ಜನ ಬಂದರು, ಮುಂದೆ ಐದು, ಆಮೇಲೆ ನಾನೂ ಜಾಳಿಗೆಯೂ. ಬದಲಿಗೆ ಭಾನುವಾರ ಇಟ್ಟು ನೋಡಿದೆ. ಕಾಲೇಜಿಗೆ ರಜೆ, ಆದರೆ ಮಗ್ಗಕ್ಕಿಲ್ಲ. ಸೆಮಿಸ್ಟರ್ ಬಂದ ಮೇಲಂತೂ ಪರೀಕ್ಷೆ ಮುಗಿಯಿತೆನ್ನುವಷ್ಟರಲ್ಲಿ ಮತ್ತೊಂದು ಪರೀಕ್ಷೆ. ಹಾಜರಿ ಕೊಡುವಾಗ ಉಪನ್ಯಾಸಕರು, "ಚೆಂಡ ಒದಿಯಾಕ ಹೋಗಿದ್ದೆಲ್ಲಾ, ಹಾಜರಿ ಅಲ್ಲೇ ತಗೋ" ಎಂದು ಹುಡುಗರನ್ನು ಹಂಗಿಸುತ್ತಿದ್ದರು.

ಈ ನಡುವೆ ಕಾಲೇಜಿಗೆ ದರ್ಜೆ ಕೊಡುವ ಸಮಿತಿ ಬಂತು. ಗ್ರಂಥಾಲಯದ ಕಪ್ಪುಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿಸಿ ಸಾಲಾಗಿ ಇಟ್ಟರು. ಸಮಿತಿಯ ಒಬ್ಬ ಹೆಣ್ಣುಮಗಳು ಮೈದಾನ ನೋಡೋಣ ಎಂದಾಗ ಆಗಿನ ಪ್ರಾಂಶುಪಾಲರು, "ಬಿಸಿಲ ಭಾಳ ಐತ್ರಿ ಮೇಡಮ್, ಫೋಟೋ ತಗಸೀವಿ, ಇಲ್ಲೇ ನೋಡ್ರಿ" ಎಂದು ಕೂರಿಸಿದರು. ಒಳ್ಳೆಯ ದರ್ಜೆ ಸಿಕ್ಕಿತು. ದರ್ಜೆ ತೋರಿಸಿ ಹೊಸ ಕಟ್ಟಡಕ್ಕೆ ಅನುದಾನ ತಂದರು. ಕಟ್ಟಡಕ್ಕೆ ಜಾಗ ಬೇಕಾಯಿತು, ಅರ್ಧ ಮೈದಾನ ಹೋಯಿತು. ನನ್ನ ಹುಡುಗರು ಗೆದ್ದ ಕಪ್ಪೇ ನನ್ನ ಹುಡುಗರ ಮೈದಾನ ತಿಂದಿತು. ಗೆಲ್ಲದೇ ಇದ್ದಿದ್ದರೆ ಉಳಿಯುತ್ತಿತ್ತೇನೋ ಎಂದು ಈಗಲೂ ಅನಿಸುತ್ತದೆ. ಪಾಯ ಅಗೆಯುವ ದಿನ ನಾನು ರಜೆ ಹಾಕಿ ಮನೆಯಲ್ಲಿ ಮಲಗಿದ್ದೆ.

ಒಮ್ಮೆ ಬನಹಟ್ಟಿಯಲ್ಲಿ ಒಂದು ಮಗ್ಗದ ಶೆಡ್ಡಿನ ಮುಂದೆ ಹೋಗುವಾಗ ಒಳಗೆ ಮಲ್ಲು ಕಂಡ. ಬೇರೆಯವರ ಮಗ್ಗ, ಇವನದು ಕೂಲಿ. ಬಾಗಿಲಲ್ಲಿ ನಿಂತು "ಮಲ್ಲೂ" ಎಂದೆ. ತಿರುಗಲಿಲ್ಲ. ಜೋರಾಗಿ ಕರೆದೆ. ಗಂಟಲು ಹರಿಯುವ ಹಾಗೆ ಕೂಗಿದೆ. ಪಕ್ಕದವನು ಅವನ ಹೆಗಲು ಮುಟ್ಟಿ ನನ್ನ ಕಡೆ ತೋರಿಸಿದ. ಹೊರಗೆ ಬಂದು ನನ್ನ ಕಾಲು ಮುಟ್ಟಿ, ಕಿವಿ ತೋರಿಸಿ, ಇಡೀ ಓಣಿಗೆ ಕೇಳುವ ಹಾಗೆ ಹೇಳಿದ: "ಮಗ್ಗದ ಸಪ್ಪಳಕ್ಕ ಕಿವಿ ಹೋಗ್ಯಾವ್ರಿ ಸರ! ನೀವು ಛಲೋ ಅದೀರಿಲ್ರಿ?" ಮೈದಾನದ ಆಚೆ ದಂಡೆಯಲ್ಲಿದ್ದರೂ ನಾನು ಈಚೆಯಿಂದ 'ಹೂಂ' ಅಂದರೆ ತಿರುಗುತ್ತಿದ್ದ ಹುಡುಗ ಅವನು. ನಾನು ಏನೇನೋ ಮಾತಾಡಿದೆ. ಅವನು ನನ್ನ ತುಟಿ ನೋಡುತ್ತ ನಗುತ್ತಿದ್ದ. ಬಸ್ಸಿನಲ್ಲಿ ಬರುವಾಗ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತೆ.

ಆ ಮಲ್ಲುವಿನ ಮಗಳೇ ಸವಿತಾ. ಅವಳು ಕಾಲೇಜಿಗೆ ಸೇರಿದಾಗ ಅವನೇ ಕೈಹಿಡಿದು ಕರೆದುಕೊಂಡು ಬಂದ. "ಸರ, ನನ್ನ ಆಟ ಅಲ್ಲಿಗೇ ಮುಗೀತ್ರಿ. ಇಕಿ ಓಟಾ ನೋಡ್ರಿ" ಎಂದ. ಕಾಲೇಜಿನಿಂದ ಏನೂ ಪಡೆಯದವನು ಮಗಳನ್ನು ಮತ್ತೆ ನನ್ನ ಕೈಗೇ ತಂದು ಕೊಟ್ಟಿದ್ದ. ಉಳಿದ ಅರ್ಧ ಮೈದಾನದಲ್ಲಿ ಹುಡುಗಿಯರ ತಂಡ ಕಟ್ಟಿದೆ.

ಆಟದಲ್ಲಿ ಅವಳಷ್ಟು ಮಾತು ಕೇಳದವರನ್ನು ನಾನು ಕಂಡಿಲ್ಲ. ಹಿಂದೆ ನಿಲ್ಲು ಎಂದರೆ ಮುಂದೆ ಇರುತ್ತಿದ್ದಳು. ಎಡಕ್ಕೆ ಎಂದರೆ ಬಲಕ್ಕೆ. "ಯಾಕವ್ವಾ, ಕಿವಿ ನಿಮ್ಮಪ್ಪಂದ ಹೋಗ್ಯಾವೋ ನಿಂದೋ?" ಎಂದು ಬೈದರೆ, ಏದುಸಿರು ಬಿಡುತ್ತ, "ಅಲ್ಲೆ ಜಾಗಾ ಇತ್ರಿ ಸರ" ಎನ್ನುತ್ತಿದ್ದಳು. ಹೋಗಿ ನೋಡಿದರೆ ಖರೆಯೇ ಇರುತ್ತಿತ್ತು. ನಾನು ನಿಲ್ಲು ಎಂದ ಕಡೆ ಅವಳು ನಿಂತಿದ್ದರೆ ನಾವು ಅರ್ಧ ಪಂದ್ಯ ಸೋಲುತ್ತಿದ್ದೆವು. ನಾನು ಬೈಯುವುದು, ಅವಳು ವಾದಿಸುವುದು, ಕೊನೆಗೆ ಅವಳದೇ ನಡೆಯುವುದು, ಹೀಗೇ ಎರಡು ವರ್ಷ ಗೆದ್ದೆವು. ನಾನು ನಿವೃತ್ತನಾದ ವರ್ಷವೇ ಆ ತಂಡವೂ ಚದುರಿತು.

ಅಮಾವಾಸ್ಯೆ ದಿನ ಮಧ್ಯಾಹ್ನ ಸವಿತಾ ನಾನು ಹೇಳಿದಂತೆ ಮೈದಾನಕ್ಕೆ ಬಂದಳು. ಮುಧೋಳದಿಂದ ಬಸ್ಸಿನಲ್ಲಿ ಬಂದವಳು ಶಾಲೆಯ ಟ್ರ್ಯಾಕ್‌ಪ್ಯಾಂಟಿನಲ್ಲೇ ಇದ್ದಳು. ನಾನು ಮೊದಲೇ ಬಂದು ನಿಂತಿದ್ದೆ. ಉಳಿದ ಅರ್ಧವನ್ನು ಈಗ ಮದುವೆಗಳಿಗೆ ಬಾಡಿಗೆ ಕೊಡುತ್ತಾರೆ. ಪೆಂಡಾಲಿನ ಕಂಬಕ್ಕೆ ತೋಡಿದ ಕುಣಿಗಳನ್ನು ಯಾರೂ ಮುಚ್ಚಿರಲಿಲ್ಲ. ಒಂದು ಗೋಲಿನ ಕಂಬಕ್ಕೆ ಯಾರದೋ ಎಮ್ಮೆ ಕಟ್ಟಿತ್ತು, ಇನ್ನೊಂದು ಗೋಲು ಇರಲೇ ಇಲ್ಲ. ಕಬ್ಬಿನ ಟ್ರೇಲರುಗಳು ತಿರುವಿದ ಗಾಲಿಯ ಗುರುತು ನೆಲದಲ್ಲಿ ಮೊಣಕಾಲುದ್ದ ಇಳಿದಿತ್ತು.

ನಾನು ಅವಳಿಗೆ ಒಂದನ್ನೂ ಬಿಡದೆ ಹೇಳಿದೆ. ನಿನ್ನ ಅಪ್ಪ ಎಂಥ ಆಟಗಾರನಾಗಿದ್ದ, ಕೈ ಕುಲುಕಿದವರು ಹೇಗೆ ಮರೆತರು, ಕಪ್ಪು ಯಾರಿಗೆ ಕೆಲಸಕ್ಕೆ ಬಂತು. ನೀನು ಊರೂರಿಗೆ ಹೋಗಿ ಹುಡುಗಿಯರನ್ನು ಕರೆತರುತ್ತೀ, ಅವರಿಗೆ ಆಸೆ ಹಚ್ಚುತ್ತೀ, ವರ್ಷದ ಕೊನೆಗೆ ನಿನ್ನನ್ನೇ ಬಿಡಿಸುತ್ತಾರೆ, ಆಗ ಅವರ ಮುಖ ಹೇಗೆ ನೋಡುತ್ತೀ ಎಂದೆ. ಮುಧೋಳದ ಶಾಲೆಯಲ್ಲಿ ಸಾಲು ನಿಲ್ಲಿಸುವುದು ಕೀಳು ಕೆಲಸವಲ್ಲ ಎಂದೂ ಹೇಳಿದೆ. ಕೊನೆಗೆ ಒಂದೇ ಮಾತು: "ಬ್ಯಾಡವ್ವಾ."

ಅವಳು ಕಾಲಿನಿಂದ ಒಂದು ಮಣ್ಣಿನ ಹೆಂಟೆಯನ್ನು ಕುಣಿಗೆ ಒದ್ದಳು. "ನೀವ ಹೇಳ್ತಿದ್ರೆಲ್ಲಾ ಸರ, ಜಾಗಾಕ್ಕ ಒದಿ, ಆಳು ಬರ್ತಾನ ಅಂತ."

"ಜಾಗಾನ ಇಲ್ಲಲ್ಲವ್ವಾ ಈಗ" ಎಂದೆ.

ಅಂದ ಮೇಲೆ ಅವಳ ಮುಖವನ್ನೇ ನೋಡುತ್ತ ನಿಂತೆ. ಈಗ ವಾದ ಮಾಡುತ್ತಾಳೆ ಎಂದುಕೊಂಡೆ. ಕೈ ತೋರಿಸಿ 'ಅಲ್ಲೆ ಜಾಗಾ ಐತ್ರಿ ಸರ' ಎನ್ನುತ್ತಾಳೆ, ನಾನು ಬೈಯುತ್ತೇನೆ, ಕೊನೆಗೆ ಅವಳದೇ ನಡೆಯುತ್ತದೆ. ಅವಳು ಕಟ್ಟಡದ ಕಡೆ ನೋಡಿದಳು, ಎಮ್ಮೆಯ ಕಡೆ ನೋಡಿದಳು, ಕುಣಿಗಳ ಸಾಲು ನೋಡಿದಳು.

"ಆತ್ರಿ ಸರ" ಎಂದಳು. ನನ್ನ ಕಾಲು ಮುಟ್ಟಿ, ಮುಧೋಳದ ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ಕರೆಯಬೇಕೆಂದು ಬಾಯಿ ತೆರೆದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಸೋಮವಾರ ಅವಳು ಪ್ರಾಂಶುಪಾಲರಿಗೆ ಫೋನ್ ಮಾಡಿ ಬರುವುದಿಲ್ಲ ಎಂದು ಹೇಳಿದಳಂತೆ. ಫುಟ್‌ಬಾಲ್ ಬಂದ್ ಆಯಿತು. ಕ್ರೀಡಾ ವಿಭಾಗದ ಬೀಗದ ಕೈಯನ್ನು ಗ್ರಂಥಪಾಲರಿಗೆ ಕೊಟ್ಟಿದ್ದಾರೆ, ಹೇಗಿದ್ದರೂ ಕಪ್ಪುಗಳು ಅಲ್ಲೇ ಇವೆ.

ಇಷ್ಟು ವರ್ಷಗಳಲ್ಲಿ ಎದುರು ಮಾತಾಡದೆ ಒಂದೇ ಸಲಕ್ಕೆ ನಾನು ಹೇಳಿದ್ದನ್ನು ಸವಿತಾ ಕೇಳಿದ್ದು ಅವತ್ತೊಂದೇ ದಿನ. ಅವತ್ತು ಕೇಳಬಾರದಿತ್ತು.